ಹಿಮನದಿಯ ಹೊಳೆಯಲ್ಲಿ ಕಲ್ಲು ಮಗುಚಿ ನೋಡುವ ಬಗೆ

ತೀರ್ಥಹಳ್ಳಿ ಕಡೆಯ ಹಳ್ಳಗಳಲ್ಲಿ ಕಾಲು ಇಳಿಬಿಟ್ಟುಕೊಂಡು ಬೆಳೆದವಳು ನಾನು. ಬೇಸಿಗೆಯಲ್ಲಿ ಹಳ್ಳದ ಕಲ್ಲೊಂದನ್ನು ಎತ್ತಿ ಮಗುಚಿದರೆ ಅದರಡಿಯಲ್ಲಿ ಒಂದು ಕೇರಿಯೇ ಇರುತ್ತಿತ್ತು. ಚಪ್ಪಟೆ ಮೈಯ ಹುಳುಗಳು, ಮರಳಿನ ಗೂಡು ಹೊತ್ತವು, ಪುಟ್ಟ ಏಡಿ, ಲೋಳೆ ಪಾಚಿ, ಅದನ್ನು ಮೇಯುವ ಬಸವನಹುಳು. ಮುಂದೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಲು ನಿಂತಾಗಲೂ ಕಲ್ಲು ಮಗುಚುವ ಚಟ ಬಿಡಲಿಲ್ಲ. ಅದೇ ಚಟದಿಂದ ಒಂದು ಜುಲೈಯಲ್ಲಿ ಹಿಮಾಚಲದ ಲಾಹೌಲ್ ಕಣಿವೆಯ ಸಿಸ್ಸು ಎಂಬ ಊರಿನಲ್ಲಿ, ಹಿಮನದಿಯಿಂದ ಇಳಿದು ಬರುವ ನಾಲಾದ ದಂಡೆಯಲ್ಲಿ ಕುಳಿತು ಕಲ್ಲೊಂದನ್ನು ಎತ್ತಿದೆ. ಕೈ ಮರಗಟ್ಟಿತು. ಕಲ್ಲಿನ ಮೇಲೆ ಕಂಡದ್ದು ದಾರದೆಳೆಯಷ್ಟು ಸಪುರವಾದ ನಾಲ್ಕೇ ನಾಲ್ಕು ನುಸಿಯ ಮರಿಗಳು. ಏನೂ ಇಲ್ಲವೆಂದು ಕಲ್ಲನ್ನು ಇಟ್ಟುಬಿಟ್ಟೆ. ಆ ನಾಲ್ಕನ್ನು ನೋಡುವುದಕ್ಕೇ ಅಷ್ಟು ದೂರ ಹೋಗಬೇಕಿತ್ತೆಂದು ತಿಳಿಯಲು ನನಗೆ ವರ್ಷಗಳು ಹಿಡಿದವು.

ನಮ್ಮ ಊರುಗಳಿಂದ ಪ್ರತಿವರ್ಷ ಎಷ್ಟೋ ಜನ ಚಾರಣಕ್ಕೆಂದು ಮನಾಲಿಗೆ ಹೋಗುತ್ತಾರೆ. ಹಿಮನದಿಗಳು ಕರಗುತ್ತಿವೆ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ, ದೂರದ ಬಿಳಿ ಶಿಖರದ ಚಿತ್ರವನ್ನೂ ತೆಗೆದುಕೊಂಡು ಬರುತ್ತಾರೆ. ಆ ಕರಗುವಿಕೆಯನ್ನು ಅಂಗೈಯಲ್ಲಿ ಹಿಡಿದು ನೋಡಬಹುದು. ಅದಕ್ಕೆ ಬೇಕಾದದ್ದು ಎರಡು ಬೆಳಗು ಮತ್ತು ಅಡುಗೆಮನೆಯ ನಾಲ್ಕಾರು ಸಾಮಾನು. ಹೇಗೆಂದು ಹೇಳುತ್ತೇನೆ.

ಜಾಗ ಮತ್ತು ಕಾಲ

ನಾನು ಸಿಸ್ಸುವನ್ನೇ ಸೂಚಿಸುತ್ತೇನೆ. 2020ರ ಅಕ್ಟೋಬರ್‌ನಲ್ಲಿ ತೆರೆದ ಅಟಲ್ ಸುರಂಗವನ್ನು ದಾಟಿದರೆ ಕೆಲವೇ ಕಿಲೋಮೀಟರ್‌ಗಳಲ್ಲಿ ಈ ಊರು ಸಿಗುತ್ತದೆ. ಎತ್ತರ ಸುಮಾರು 3,100 ಮೀಟರ್. ಕೆಳಗೆ ಚಂದ್ರಾ ನದಿ, ಊರಿನ ಮಗ್ಗುಲಲ್ಲಿ ಗೆಪಾಂಗ್ ಗಾಥ್ ಹಿಮನದಿಯಿಂದ ಬರುವ ನಾಲಾ. ಮನಾಲಿಯಲ್ಲಿ ಒಂದು ರಾತ್ರಿ ಮಲಗಿ ಮೈ ಒಗ್ಗಿಸಿಕೊಂಡೇ ಮೇಲೆ ಹೋಗಿ. ಸುರಂಗ ಬಂದ ಮೇಲೆ ಜನ ಎರಡು ತಾಸಿನೊಳಗೆ ಸಾವಿರ ಮೀಟರ್ ಏರಿಬಿಡುತ್ತಾರೆ, ಆಮೇಲೆ ತಲೆನೋವಿನಿಂದ ನರಳುತ್ತಾರೆ.

ಸಿಸ್ಸುವಿಗೆ ಇನ್ನೊಂದು ವಿಶೇಷವಿದೆ. ಗೆಪಾಂಗ್ ಗಾಥ್ ಹಿಮನದಿಯ ಮೂತಿ, ಅಂದರೆ ಅದರ ಕೆಳತುದಿ, ಹಿಂದೆ ಸರಿದಂತೆಲ್ಲ ಅದರ ಮುಂದೆ, 4,068 ಮೀಟರ್ ಎತ್ತರದಲ್ಲಿ, ಒಂದು ಸರೋವರ ಬೆಳೆಯುತ್ತಿದೆ. ಇಸ್ರೋದ ಉಪಗ್ರಹ ಚಿತ್ರಗಳ ಲೆಕ್ಕದಂತೆ 1989ರಲ್ಲಿ ಅದು 36.49 ಹೆಕ್ಟೇರ್ ಇತ್ತು, 2022ರ ಹೊತ್ತಿಗೆ 101.30 ಹೆಕ್ಟೇರ್ ಆಗಿತ್ತು. ಎಕರೆಯಲ್ಲಿ ಹೇಳುವುದಾದರೆ ತೊಂಬತ್ತು ಎಕರೆಯ ಕೆರೆ ಇನ್ನೂರೈವತ್ತು ಎಕರೆಯಾಗಿದೆ. ಈ ಸರೋವರ ಕೆಳಗಿನ ಹೊಳೆಯ ಜೀವಕ್ಕೆ ಏನು ಮಾಡುತ್ತದೆಂಬುದನ್ನು ಆಮೇಲೆ ನೋಡೋಣ.

ಸೆಪ್ಟೆಂಬರ್ ಮೊದಲೆರಡು ವಾರ ಒಳ್ಳೆಯ ಸಮಯ. ಜುಲೈ, ಆಗಸ್ಟ್‌ನಲ್ಲಿ ಕರಗುವ ನೀರು ಉಕ್ಕುತ್ತಿರುತ್ತದೆ, ದಂಡೆಗೆ ಹೋಗುವುದೇ ಅಪಾಯ. ದಿನದಲ್ಲಿ ಬೆಳಗ್ಗೆ ಆರರಿಂದ ಹತ್ತರವರೆಗೆ ಮಾತ್ರ ನೀರಿನ ಬಳಿ ಇರಿ. ರಾತ್ರಿಯ ಚಳಿಗೆ ಮೇಲೆ ಕರಗುವುದು ನಿಧಾನವಾಗಿರುತ್ತದೆ, ಮುಂಜಾನೆ ಹೊಳೆ ಇಳಿದಿರುತ್ತದೆ. ಬಿಸಿಲೇರಿದಂತೆ ಮಂಜುಗಡ್ಡೆ ಕರಗಿ, ಆ ನೀರು ಕೆಳಗೆ ಬಂದು ಮುಟ್ಟುವಾಗ ಮಧ್ಯಾಹ್ನ ಕಳೆದು ಸಂಜೆಯಾಗುತ್ತಿರುತ್ತದೆ. ಮೋಡವೇ ಇಲ್ಲದ ದಿನವೇ ಹೊಳೆ ಹೆಚ್ಚು ಏರುತ್ತದೆ ಎಂಬುದು ಮಲೆನಾಡಿನವರಾದ ನಮಗೆ ತಲೆಕೆಳಗಾದ ಲೆಕ್ಕ. ನನ್ನ ಎರಡನೆಯ ಪ್ರವಾಸದಲ್ಲಿ ಬೆಳಗ್ಗೆ ಮೊಣಕಾಲಿನವರೆಗೂ ಇಲ್ಲದ ಕವಲೊಂದನ್ನು ದಾಟಿ ಕಲ್ಲುದಿಬ್ಬಕ್ಕೆ ಹೋಗಿದ್ದೆವು. ಒಂದು ಗಂಟೆಗೆ ಹಿಂದಿರುಗುವಾಗ ನೀರು ತೊಡೆಗೆ ಬಂದಿತ್ತು, ತಳದ ಕಲ್ಲುಗಳು ಗುಡುಗುಡು ಉರುಳುವ ಸದ್ದು ಪಾದಕ್ಕೇ ತಾಗುತ್ತಿತ್ತು. ಇಬ್ಬರು ವಿದ್ಯಾರ್ಥಿಗಳ ಕೈ ಹಿಡಿದು ಆ ಹತ್ತು ಹೆಜ್ಜೆ ಇಟ್ಟದ್ದನ್ನು ನಾನು ಮರೆತಿಲ್ಲ. ಅಂದಿನಿಂದ ಯಾವ ಕವಲನ್ನೂ ದಾಟಿಸುವುದಿಲ್ಲ. ನೀವೂ ದಾಟಬೇಡಿ, ದಂಡೆಯ ಕಲ್ಲುಗಳೇ ಸಾಕು.

ಚೀಲದಲ್ಲಿ ಏನಿರಬೇಕು

ಬಿಳಿ ಪ್ಲಾಸ್ಟಿಕ್ ತಟ್ಟೆ, ಅಗಲವಾದ ಚಹಾ ಸೋಸುವ ಜಾಲರಿ, ಹಳೆಯ ಹಲ್ಲುಜ್ಜುವ ಬ್ರಷ್, ಭೂತಗನ್ನಡಿ, ಉದ್ದನೆಯ ಗಾಜಿನ ಲೋಟ, ಅಳತೆಪಟ್ಟಿ, ಒಂದು ಹಾಳೆ ಕನ್ನಡ ದಿನಪತ್ರಿಕೆ, ಪೆನ್ಸಿಲ್, ನೋಟ್‌ಪುಸ್ತಕ. ಥರ್ಮಾಮೀಟರ್ ಪ್ರಯೋಗಾಲಯದ್ದಾಗಲಿ, ಮೀನಿನ ತೊಟ್ಟಿಯದ್ದಾಗಲಿ ಸೊನ್ನೆಯವರೆಗೂ ಇಳಿಯುವಂಥದ್ದಿರಲಿ. ಜ್ವರ ನೋಡುವುದು ಇಲ್ಲಿ ಕೆಲಸಕ್ಕೆ ಬಾರದು. ಮನೆಯಲ್ಲೇ ಕರಗುವ ಐಸ್ ತುಂಡುಗಳ ಲೋಟದಲ್ಲಿ ಅದ್ದಿ ನೋಡಿ. ಸೊನ್ನೆಯ ಬದಲು ಒಂದು ತೋರಿಸಿದರೆ ಆ ಒಂದನ್ನು ಮುಂದೆ ಎಲ್ಲ ಅಳತೆಯಿಂದಲೂ ಕಳೆಯಬೇಕು. ಹಿಮನದಿಯ ಹೊಳೆಯಲ್ಲಿ ಎರಡು ಡಿಗ್ರಿಯೆಂದರೆ ಒಂದು ಕುಲದ ಜೀವಿಗಳಿಗೂ ಇನ್ನೊಂದಕ್ಕೂ ನಡುವಿನ ಗಡಿ.

ಮೊದಲು ನೀರನ್ನು ಓದಿ

ಕಲ್ಲಿಗೆ ಕೈಹಾಕುವ ಮೊದಲು ನೀರನ್ನು ನೋಡಿ. ಹಿಮನದಿ ಬಂಡೆಯ ಮೇಲೆ ಜಾರುತ್ತಾ ಅದನ್ನು ಅರೆದು ಹಿಟ್ಟು ಮಾಡುತ್ತದೆ. ಆ ಹಿಟ್ಟು ಬೆರೆತ ನೀರು ಅಕ್ಕಿ ತೊಳೆದ ನೀರಿನಂತೆ ಬೂದುಬಿಳುಪಾಗಿರುತ್ತದೆ. ಪತ್ರಿಕೆಯನ್ನು ಚಪ್ಪಟೆ ಕಲ್ಲಿನ ಮೇಲೆ ಹಾಸಿ, ಗಾಜಿನ ಲೋಟವನ್ನು ಸುದ್ದಿಯ ಸಣ್ಣ ಅಕ್ಷರಗಳ ಮೇಲಿಟ್ಟು, ಹೊಳೆಯ ನೀರನ್ನು ನಿಧಾನವಾಗಿ ಸುರಿಯಿರಿ. ಮೇಲಿನಿಂದ ನೋಡುತ್ತಾ, ಅಕ್ಷರ ಓದಲು ಬಾರದಾದ ಕ್ಷಣ ನಿಲ್ಲಿಸಿ ನೀರಿನ ಎತ್ತರವನ್ನು ಅಳೆಯಿರಿ. ಲೋಟ ತುಂಬಿದರೂ ಅಕ್ಷರ ಕಂಡರೆ ‘ತಿಳಿ’ ಎಂದು ಬರೆಯಿರಿ. ಇದಕ್ಕಿಂತ ಸುಲಭವಾದ, ಪ್ರತಿವರ್ಷ ಹೋಲಿಸಲು ಬರುವ ವಿಧಾನ ನನಗೆ ಬೇರೆ ಸಿಕ್ಕಿಲ್ಲ. ಪತ್ರಿಕೆ ಮಾತ್ರ ಪ್ರತಿವರ್ಷ ಅದೇ ಇರಲಿ, ಏಕೆಂದರೆ ಅಕ್ಷರದ ಗಾತ್ರ ಬದಲಾಗಬಾರದು.

ಥರ್ಮಾಮೀಟರನ್ನು ನೆರಳಿನಲ್ಲಿ, ಹರಿಯುವ ನೀರಿನಲ್ಲಿ ಮೂರು ನಿಮಿಷ ಇಟ್ಟು, ನೀರಿನಲ್ಲಿ ಇರುವಾಗಲೇ ಓದಿ. ಬೆಳಗ್ಗೆ ಒಮ್ಮೆ, ಸಂಜೆ ನಾಲ್ಕರ ಹೊತ್ತಿಗೆ ದಡದಲ್ಲೇ ನಿಂತು, ಕೋಲಿಗೆ ದಾರ ಕಟ್ಟಿ ಇಳಿಬಿಟ್ಟು ಇನ್ನೊಮ್ಮೆ. ದಿನದ ಅತಿ ಹೆಚ್ಚಿನ ತಾಪ ಎಷ್ಟೆಂಬುದೇ ಇಲ್ಲಿ ಮುಖ್ಯ.

ಇದನ್ನೇ ಮೂರು ಕಡೆ ಮಾಡಬೇಕು. ಹಿಮನದಿಯ ನಾಲಾದಲ್ಲಿ ಒಂದು, ಪಕ್ಕದ ಇಳಿಜಾರಿನ ಬುಗ್ಗೆಯಿಂದ ಬರುವ ತಿಳಿನೀರಿನ ಸಣ್ಣ ತೊರೆಯಲ್ಲಿ ಇನ್ನೊಂದು, ಎರಡೂ ಬೆರೆತ ಮೇಲೆ ಕೆಳಗೆ ಮೂರನೆಯದು. ತಿಳಿತೊರೆಯನ್ನು ಹುಡುಕಲು ಊರಿನವರನ್ನೇ ಕೇಳಿ. ಬಟಾಣಿ, ಆಲೂಗಡ್ಡೆ, ಹೂಕೋಸಿನ ಹೊಲಗಳಿಗೆ ನೀರು ತರುವ ಕಾಲುವೆಗಳನ್ನು ಅವರು ಕುಹ್ಲ್ ಎನ್ನುತ್ತಾರೆ. ಯಾವ ಕುಹ್ಲ್‌ನಲ್ಲಿ ಯಾವ ತಿಂಗಳು ಎಷ್ಟು ನೀರೆಂಬುದು ಅವರಿಗೆ ಬಾಯಿಪಾಠ. ಪೀರ್ ಪಂಜಾಲ್ ಸಾಲು ಮಳೆಯನ್ನು ತಡೆಯುವುದರಿಂದ ಈ ಕಣಿವೆಯ ಬೇಸಾಯ ನಿಂತಿರುವುದೇ ಹಿಮ ಮತ್ತು ಹಿಮನದಿಯ ನೀರಿನ ಮೇಲೆ. ಹೊಳೆಯ ಹುಳುವಿನ ಮಾತು ಬಂದಾಗಲೆಲ್ಲ ನಾನು ಅವರ ಹೊಲಗಳನ್ನೂ ನೆನೆಯುತ್ತೇನೆ, ಎರಡಕ್ಕೂ ನೀರು ಒಂದೇ.

ಕಲ್ಲು ಮಗುಚುವುದು

ದಂಡೆಯ ಹತ್ತಿರ, ಹರಿವಿರುವ ಆದರೆ ರಭಸವಿಲ್ಲದ ಜಾಗದಲ್ಲಿ ಸುಲಿದ ತೆಂಗಿನಕಾಯಿ ಗಾತ್ರದ ಐದು ಕಲ್ಲುಗಳನ್ನು ಆರಿಸಿ. ‘ಇದರಡಿ ಏನೋ ಇದ್ದೀತು’ ಅನಿಸಿದ ಕಲ್ಲನ್ನೇ ಆರಿಸಬೇಡಿ. ನೀರಿನಗುಂಟ ಎರಡೆರಡು ಹೆಜ್ಜೆಗೆ ಒಂದರಂತೆ, ಕೈಗೆ ಸಿಕ್ಕಿದ್ದನ್ನು ತೆಗೆಯಿರಿ. ಜಾಲರಿಯನ್ನು ಕಲ್ಲಿನ ಕೆಳಹರಿವಿನ ಬದಿಗೆ ಒತ್ತಿ ಹಿಡಿದು ಕಲ್ಲನ್ನು ಎತ್ತಿ, ಎರಡನ್ನೂ ಒಟ್ಟಿಗೆ ಹೊರಗೆ ತನ್ನಿ. ತಟ್ಟೆಯಲ್ಲಿ ಎರಡು ಬೆರಳು ಹೊಳೆಯ ನೀರು ಹಾಕಿಕೊಂಡು, ಅದರ ಮೇಲೆ ಕಲ್ಲನ್ನು ಹಿಡಿದು, ಬ್ರಷ್‌ನಿಂದ ಮೆಲ್ಲನೆ ತಿಕ್ಕಿ ತೊಳೆಯಿರಿ. ಜಾಲರಿಯನ್ನೂ ತಟ್ಟೆಗೆ ಮಗುಚಿ. ಎರಡು ನಿಮಿಷ ಸುಮ್ಮನೆ ಕಾಯಿರಿ. ಮಣ್ಣು ತಳಕ್ಕೆ ಇಳಿಯುತ್ತದೆ, ಜೀವವಿರುವುದು ಕದಲುತ್ತದೆ.

ಆ ತಟ್ಟೆಯನ್ನು ಬಿಸಿಲಲ್ಲಿಡಬೇಡಿ. ಒಮ್ಮೆ ಚಹಾ ಕುಡಿಯಲು ಎದ್ದ ನಾನು ತಟ್ಟೆಯನ್ನು ಬಂಡೆಯ ಮೇಲೆ ಮರೆತೆ. ಬಂದು ನೋಡಿದಾಗ ಚಪ್ಪಟೆ ಮೈಯ ಮರಿಗಳು ಕಿವಿರುಗಳನ್ನು ಬಡಬಡ ಬಡಿಯುತ್ತಿದ್ದವು, ಒಂದೆರಡು ಆಗಲೇ ನಿಶ್ಚಲವಾಗಿ ಮಗ್ಗುಲಾಗಿದ್ದವು. ನಿಂತ ನೀರು ಬಿಸಿಯಾದಂತೆ ಅದರಲ್ಲಿನ ಆಮ್ಲಜನಕ ಇಳಿಯುತ್ತದೆ ಎಂದು ಇಪ್ಪತ್ತು ವರ್ಷ ಪಾಠ ಹೇಳಿದವಳು ನಾನು. ತಟ್ಟೆಯನ್ನು ನೆರಳಿನಲ್ಲಿಡಿ, ಐದು ನಿಮಿಷಕ್ಕೊಮ್ಮೆ ನೀರು ಬದಲಿಸಿ, ಎಣಿಸಿದ ಕೂಡಲೇ ಎಲ್ಲವನ್ನೂ ತೆಗೆದ ಜಾಗಕ್ಕೇ ಬಿಡಿ. ಕಲ್ಲನ್ನು ಅದೇ ಗುಳಿಯಲ್ಲಿ, ಅದೇ ಮೈ ಕೆಳಗಾಗಿ ಕೂರಿಸಿ. ಯಾವುದನ್ನೂ ಸೀಸೆಯಲ್ಲಿ ಹಾಕಿಕೊಂಡು ಊರಿಗೆ ತರಬೇಡಿ.

ಯಾರು ಯಾರು ಸಿಗುತ್ತಾರೆ

ನುಸಿಯ ಮರಿ ಮೊದಲು. ಕೈರೊನೊಮಿಡ್ ಎಂಬ, ಕಚ್ಚದ ನುಸಿಗಳ ಗುಂಪಿದು. ಒಂದು ಸೆಂಟಿಮೀಟರೂ ಇಲ್ಲದ ಎಳೆ, ಕಪ್ಪು ಚುಕ್ಕೆಯಂಥ ತಲೆ. ಭೂತಗನ್ನಡಿಯಲ್ಲಿ ನೋಡಿದರೆ ತಲೆಯ ಕೆಳಗೊಂದು ಜೊತೆ, ಬಾಲದ ತುದಿಯಲ್ಲೊಂದು ಜೊತೆ ಮೊಂಡುಕಾಲುಗಳು ಕಾಣುತ್ತವೆ. ಹಿಂದಿನದನ್ನು ಊರಿ ಮುಂದಿನದನ್ನು ಚಾಚಿ, ಮೈಯನ್ನು ಕಮಾನಿನಂತೆ ಬಾಗಿಸಿ ನಡೆಯುತ್ತದೆ. ಇವುಗಳಲ್ಲಿ ಡಯಾಮೆಸಾ ಎಂಬ ಕುಲ ಹಿಮನದಿಯ ಮೂತಿಯ ಬುಡದಲ್ಲೇ ಬದುಕುತ್ತದೆ. ನೀರು ದಿನದ ಯಾವ ಹೊತ್ತಿನಲ್ಲೂ ಎರಡು ಡಿಗ್ರಿ ದಾಟದ ಕಡೆ ಹೆಚ್ಚಾಗಿ ಇರುವುದು ಅದೊಂದೇ. ನೇಪಾಳದ ಲಾಂಗ್‌ಟಾಂಗ್‌ನ ಯಾಲಾ ಹಿಮನದಿಯಲ್ಲಿ ಜಪಾನಿನ ವಿಜ್ಞಾನಿ ಶಿರೊ ಕೊಹ್ಶಿಮಾ ಈ ಕುಲದ್ದೇ ಒಂದು ನುಸಿಯನ್ನು ಕಂಡು 1984ರಲ್ಲಿ ವರದಿ ಮಾಡಿದರು. ಅದು ಹಾರಲಾರದು, ಹಿಮದ ಮೇಲೆ ನಡೆಯುತ್ತದೆ, ಮೈನಸ್ 16 ಡಿಗ್ರಿಯಲ್ಲೂ ಚಟುವಟಿಕೆಯಿಂದ ಇರುತ್ತದೆ. ಅದರ ಮರಿಗಳು ಮಂಜುಗಡ್ಡೆಯೊಳಗಿನ ನೀರಿನ ದಾರಿಗಳಲ್ಲಿ ಪಾಚಿ, ಬ್ಯಾಕ್ಟೀರಿಯಾ ತಿಂದು ಬೆಳೆಯುತ್ತವೆ. ಇಂಥ ಜೀವವೊಂದು ನಮ್ಮ ಹಿಮಾಲಯದ್ದು ಎಂದು ತರಗತಿಯಲ್ಲಿ ಹೇಳುವಾಗ ಪ್ರತಿಸಲವೂ ನನ್ನ ದನಿ ಏರುತ್ತದೆ.

ಬುಡ ದಪ್ಪಗಿನ ಪುಟ್ಟ ಸೀಸೆಯಂತೆ ಕಲ್ಲಿಗೆ ಅಂಟಿಕೊಂಡು ನೀರಿನಲ್ಲಿ ತೂಗುತ್ತಿದ್ದರೆ ಅದು ಬ್ಲ್ಯಾಕ್‌ಫ್ಲೈ ಎಂಬ ಸಣ್ಣ ನೊಣದ ಮರಿ. ತಲೆಯ ಮೇಲೆ ಎರಡು ಬೀಸಣಿಗೆಗಳಿದ್ದು, ಹರಿಯುವ ನೀರನ್ನು ಸೋಸಿ ತಿನ್ನುತ್ತದೆ. ರಭಸದ ನೀರಿನ ನುಣುಪು ಬಂಡೆಯಲ್ಲಿ, ಹೊಟ್ಟೆಯ ಕೆಳಗೆ ಸಾಲಾಗಿ ಆರು ಹೀರುಬಟ್ಟಲುಗಳಿರುವ ಮರಿ ಸಿಕ್ಕರೆ ಅದು ಬ್ಲೆಫರೊಸೆರಿಡ್ ಎಂಬ ಗುಂಪಿನ ನೊಣದ್ದು. ಅದನ್ನು ಎಳೆಯಬೇಡಿ, ಬಂಡೆಯ ಮೇಲೆಯೇ ನೋಡಿ.

ಮೇಫ್ಲೈ ಮತ್ತು ಸ್ಟೋನ್‌ಫ್ಲೈ ಎಂಬ ಕೀಟಗಳ, ನೀರಿನಲ್ಲಿ ಬೆಳೆಯುವ ಮರಿಗಳನ್ನು ಬೇರ್ಪಡಿಸುವಾಗ ಎಲ್ಲರೂ ತಪ್ಪುತ್ತಾರೆ. ಮೂರು ಬಾಲವಿದ್ದರೆ ಮೇಫ್ಲೈ, ಎರಡಿದ್ದರೆ ಸ್ಟೋನ್‌ಫ್ಲೈ ಎಂದು ಪುಸ್ತಕಗಳು ಹೇಳುತ್ತವೆ. ಹಿಮಾಲಯದ ರಭಸದ ಹೊಳೆಗಳಲ್ಲಿ ಎಪಿಯೋರಸ್ ಎಂಬ ಮೇಫ್ಲೈ ಸಾಮಾನ್ಯ, ಅದಕ್ಕೆ ಬಾಲ ಎರಡೇ. ಆದ್ದರಿಂದ ಕಾಲಿನ ತುದಿಯನ್ನು ನೋಡಿ. ಪ್ರತಿ ಕಾಲಿಗೆ ಒಂದೇ ಉಗುರಿದ್ದು, ಹೊಟ್ಟೆಯ ಇಕ್ಕೆಲಗಳಲ್ಲಿ ಎಲೆಯಂಥ ಕಿವಿರುಗಳಿದ್ದರೆ ಮೇಫ್ಲೈ. ಎರಡು ಉಗುರು, ಉದ್ದ ಮೀಸೆಯಿದ್ದು, ನಿಧಾನವಾಗಿ ತೆವಳಿದರೆ ಸ್ಟೋನ್‌ಫ್ಲೈ. ಮರಳಿನ ಕಾಳು ಅಂಟಿಸಿ ಕಟ್ಟಿದ ಕೊಳವೆಯೊಳಗಿನಿಂದ ತಲೆ ಹಾಕಿ ನೋಡುವುದು ಕ್ಯಾಡಿಸ್ ಎಂಬ ಕೀಟದ ಮರಿ.

ಕಲ್ಲಿನ ಮೇಲೆ ಕಂದುಬಣ್ಣದ ಲೋಳೆ ಜೊಂಪೆಗಳು ನೀರಿನಲ್ಲಿ ಅಲುಗುತ್ತಿದ್ದರೆ ಚಿವುಟಿ ಮೂಸಿ ನೋಡಿ. ಹೊಲಸು ವಾಸನೆ ಬಂದರೆ ಅದು ಹೈಡ್ರೂರಸ್ ಎಂಬ ತಣ್ಣೀರಿನ ಪಾಚಿಯಿರಬೇಕು. ಮರಗಳು ವಿರಳವಾದ ಆ ಎತ್ತರದಲ್ಲಿ ಉದುರುವ ತರಗೆಲೆ ಕಡಿಮೆ, ಹುಳುಗಳಿಗೆ ಹೆಚ್ಚಾಗಿ ಇಂಥದ್ದೇ ಮೇವು.

ಲೆಕ್ಕವನ್ನು ಅರ್ಥಮಾಡಿಕೊಳ್ಳುವುದು

ಈಗ ಮೂರು ಜಾಗಗಳ ಪಟ್ಟಿಯನ್ನು ಪಕ್ಕಪಕ್ಕ ಇಡಿ. ತಿಳಿತೊರೆಯಲ್ಲಿ ಆರೇಳು ಬಗೆ, ಕಲ್ಲಿಗೆ ಹತ್ತಾರು ಜೀವಗಳು. ಹಿಮನದಿಯ ನಾಲಾದಲ್ಲಿ ಒಂದೆರಡು ಬಗೆ, ಕೆಲವೇ ಜೀವಗಳು. ಬೆರೆತಲ್ಲಿ ನಡುವಿನದು. ಸಾಮಾನ್ಯವಾಗಿ ಹೀಗಿರುತ್ತದೆ, ಮತ್ತು ಇಲ್ಲಿಯೇ ನನ್ನಂತೆ ನೀವೂ ತಪ್ಪು ತೀರ್ಮಾನಕ್ಕೆ ಬರಬಹುದು. ಹುಳು ಕಡಿಮೆ ಇದ್ದರೆ ಹೊಳೆ ಕೆಟ್ಟಿದೆ ಎನ್ನುವುದು ನಮ್ಮ ಊರಿನ ಹಳ್ಳಕ್ಕೆ ಸರಿ. ಇಲ್ಲಿ ಬಡತನವೇ ಆರೋಗ್ಯದ ಗುರುತು. ಕೊರೆಯುವ ಚಳಿ, ಮೈ ಉಜ್ಜುವ ಕಲ್ಲುಹಿಟ್ಟು, ಪ್ರತಿ ಸಂಜೆ ಉರುಳುವ ತಳ, ಇವನ್ನೆಲ್ಲ ತಾಳಿಕೊಂಡವರಿಗೆ ಮಾತ್ರ ಅಲ್ಲಿ ಜಾಗ.

1994ರಲ್ಲಿ ಮಿಲ್ನರ್ ಮತ್ತು ಪೆಟ್ಸ್ ಎಂಬ ವಿಜ್ಞಾನಿಗಳು ಇದಕ್ಕೊಂದು ಕ್ರಮ ಕಟ್ಟಿಕೊಟ್ಟರು. ಮೂತಿಯಿಂದ ಕೆಳಗಿಳಿದಂತೆ ನೀರು ಬೆಚ್ಚಗಾಗಿ ತಳ ಗಟ್ಟಿಯಾಗುತ್ತದೆ. ಎರಡು ಡಿಗ್ರಿಯವರೆಗೆ ಡಯಾಮೆಸಾ, ನಾಲ್ಕರ ಸುಮಾರಿಗೆ ಬೇರೆ ನುಸಿಗಳು ಮತ್ತು ಬ್ಲ್ಯಾಕ್‌ಫ್ಲೈ, ಅದನ್ನು ದಾಟಿದರೆ ಮೇಫ್ಲೈ, ಸ್ಟೋನ್‌ಫ್ಲೈ, ಆಮೇಲೆ ಕ್ಯಾಡಿಸ್. ಯುರೋಪ್, ಅಲಾಸ್ಕಾಗಳ ಹೊಳೆಗಳನ್ನು ನೋಡಿ ಮಾಡಿದ ಕ್ರಮ ಇದು. ಹಿಮಾಲಯದಲ್ಲಿ ಗಡಿಗಳು ಅಷ್ಟಿಷ್ಟು ಆಚೀಚೆ ಆಗುತ್ತವೆ, ಆದರೆ ಏಣಿ ಅದೇ.

ಹಿಮನದಿ ಕುಗ್ಗಿದರೆ ಈ ಇಡೀ ಏಣಿ ಮೇಲಕ್ಕೆ ಸರಿಯುತ್ತದೆ. ಮೊದಲ ಕೆಲವು ದಶಕ ಕರಗುವ ನೀರು ಹೆಚ್ಚು, ಹೊಳೆ ಇನ್ನೂ ಒರಟು. ಮಂಜಿನ ಗಂಟು ಕರಗಿ ಸಣ್ಣದಾದ ಮೇಲೆ ನೀರು ಇಳಿಯುತ್ತದೆ, ಬೆಚ್ಚಗಾಗುತ್ತದೆ, ತಿಳಿಯಾಗುತ್ತದೆ, ಪಾಚಿ ಬೆಳೆಯುತ್ತದೆ. ಕೆಳಗಿನವರು ಮೇಲೆ ಬರುತ್ತಾರೆ. ನೀವು ಎಣಿಸುವ ಕಲ್ಲಿನ ಮೇಲೆ ಜೀವ ಹೆಚ್ಚಾಗುತ್ತದೆ! ಆದರೆ ಏಣಿಯ ತುದಿಯ ಮೆಟ್ಟಿಲಿನಲ್ಲಿ ಇದ್ದವರಿಗೆ ಇನ್ನು ಏರಲು ಮೆಟ್ಟಿಲಿಲ್ಲ. ಈಕ್ವೆಡಾರ್, ಆಲ್ಪ್ಸ್, ಅಲಾಸ್ಕಾಗಳ ಲೆಕ್ಕಗಳನ್ನು ಒಟ್ಟು ಸೇರಿಸಿ ಡೀನ್ ಯಾಕೋಬ್ಸನ್ ಮತ್ತು ಸಂಗಡಿಗರು 2012ರಲ್ಲಿ ತೋರಿಸಿದ್ದು ಇದನ್ನೇ. ಜಲಾನಯನದಲ್ಲಿ ಮಂಜಿನ ಹೊದಿಕೆ ಶೇ. 30ರಿಂದ 50ಕ್ಕಿಂತ ಕೆಳಗಿಳಿದಾಗಲೇ ತಣ್ಣೀರಿನ ಜಾತಿಗಳು ಕಣ್ಮರೆಯಾಗತೊಡಗುತ್ತವೆ. ಹಿಮನದಿ ಪೂರ್ತಿ ಹೋದರೆ ಆ ಪ್ರದೇಶದ ಜಾತಿಗಳಲ್ಲಿ ಶೇ. 11ರಿಂದ 38ರಷ್ಟು ಇಲ್ಲವಾಗಬಹುದು. ಅಮೆರಿಕದಲ್ಲಿ ಹಿಮದ ನೀರನ್ನೇ ನಂಬಿದ ಎರಡು ಸ್ಟೋನ್‌ಫ್ಲೈ ಜಾತಿಗಳನ್ನು 2019ರಲ್ಲಿ ಕಾನೂನಿನ ರಕ್ಷಣೆಗೆ ಸೇರಿಸಿದರು. ನಮ್ಮಲ್ಲಿ ಒಂದು ಹುಳುವಿಗಾಗಿ ಅಂಥ ಮಾತು ಏಳುವ ದಿನ ಬರಲಿ ಎಂದು ನಾನು ನಿಜವಾಗಿಯೂ ಹಾರೈಸುತ್ತೇನೆ.

ಬಿಸಿಯೇ ಅವನ್ನು ಕೊಲ್ಲುತ್ತದೆ ಎಂದು ಮಾತ್ರ ಬರೆದುಕೊಳ್ಳಬೇಡಿ. ಪ್ರಯೋಗಾಲಯದಲ್ಲಿ ತಣ್ಣೀರಿನ ಕೆಲವು ಸ್ಟೋನ್‌ಫ್ಲೈಗಳು ಸ್ವಲ್ಪ ಹೊತ್ತು ಸಾಕಷ್ಟು ಬಿಸಿಯನ್ನು ತಾಳಿಕೊಂಡಿವೆ. ಬೆಚ್ಚಗಾದ ನೀರಿಗೆ ಬರುವ ಹೊಸ ನೆರೆಯವರು ಮೇವನ್ನು ಕಸಿಯುತ್ತಾರೆ, ಕೆಲವರು ಮರಿಗಳನ್ನೇ ತಿನ್ನುತ್ತಾರೆ. ಚಳಿ ಇವರಿಗೆ ಕಟ್ಟಿಕೊಟ್ಟಿದ್ದ ಬೇಲಿ ಬೀಳುತ್ತದೆ.

ಇನ್ನು ಮೇಲಿನ ಸರೋವರ. ಕಲ್ಲುಹಿಟ್ಟಿನ ದಪ್ಪ ಭಾಗ ಅಲ್ಲಿಯೇ ತಂಗುತ್ತದೆ, ನಿಂತ ನೀರು ಬಿಸಿಲು ಹೀರುತ್ತದೆ. ಹಾಗಾಗಿ ಸರೋವರ ದೊಡ್ಡದಾದಷ್ಟೂ ಕೆಳಗಿನ ನಾಲಾ ಬೇಗ ತಿಳಿಯಾಗಿ ಬೆಚ್ಚಗಾಗುವ ಸಂಭವವಿದೆ. ಪತ್ರಿಕೆಯ ಅಕ್ಷರದ ಅಳತೆಯನ್ನು ಬಿಡದೆ ಬರೆದಿಡಲು ಹೇಳುವುದು ಇದಕ್ಕಾಗಿ. ಇಂಥ ಸರೋವರದ ಒಡ್ಡು ಒಡೆದರೆ ಏನಾಗುತ್ತದೆಂಬುದನ್ನು 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಮ್‌ನ ದಕ್ಷಿಣ ಲೊನಾಕ್ ಸರೋವರ ತೋರಿಸಿತು. ತೀಸ್ತಾ ಕಣಿವೆಯಲ್ಲಿ ಮನುಷ್ಯರ ಜೀವ, ಸೇತುವೆ, ಅಣೆಕಟ್ಟು ಎಲ್ಲವೂ ಹೋದವು. ಅಂಥ ಪ್ರವಾಹ ಹೊಳೆಯ ತಳವನ್ನೂ ಗುಡಿಸಿಹಾಕುತ್ತದೆ. ಆಮೇಲೆ ಅಲ್ಲಿ ಜೀವ ಮತ್ತೆ ಬೇರೂರುವುದು ಪಕ್ಕದ ಸಣ್ಣ ತೊರೆಗಳಿಂದ. ನೀವು ಎಣಿಸಿದ ಆ ತಿಳಿತೊರೆ ಹೊಳೆಯ ಬಿತ್ತನೆ ಬೀಜದ ಕಣಜವಿದ್ದಂತೆ.

ಇನ್ನೊಂದು ಕೆಲಸ, ಕಾಲಲ್ಲಿ ಶಕ್ತಿಯಿರುವವರಿಗೆ. ಎತ್ತರದ ಕಲ್ಲುರಾಶಿಗಳ ಬುಡದಿಂದ ಸಣ್ಣಗೆ ಜಿನುಗುವ ನೀರು ಕಂಡರೆ ಥರ್ಮಾಮೀಟರ್ ಅದ್ದಿ. ಬಿಸಿಲುಗಾಲದಲ್ಲೂ ಎರಡು ಡಿಗ್ರಿಗಿಂತ ಕೆಳಗಿದ್ದರೆ, ಆ ರಾಶಿಯೊಳಗೆ ಹೂತ ಮಂಜುಗಡ್ಡೆ ಇನ್ನೂ ಕರಗುತ್ತಿರಬಹುದು ಎಂದರ್ಥ. ಕಲ್ಲಿನ ಹೊದಿಕೆ ಇರುವುದರಿಂದ ಅದು ತೆರೆದ ಹಿಮನದಿಗಿಂತ ಹೆಚ್ಚು ಕಾಲ ಉಳಿಯಬಲ್ಲದು, ತಣ್ಣೀರಿನ ಜೀವಿಗಳಿಗೆ ಕೊನೆಯ ಆಸರೆಯಾಗಬಲ್ಲದು. ಜಾಗವನ್ನು, ಎತ್ತರವನ್ನು ಬರೆದುಕೊಳ್ಳಿ.

ಮೂರನೆಯ ವರ್ಷ ನಮ್ಮ ಕೆಳಗಿನ ಜಾಗದಲ್ಲಿ ಒಬ್ಬಳು ವಿದ್ಯಾರ್ಥಿನಿ ಕೂಗಿದಳು, ‘ಮೇಡಂ, ಇಲ್ಲೊಬ್ಬ ಮನೆ ಕಟ್ಟಿಕೊಂಡವನು ಸಿಕ್ಕಿದ!’ ತಟ್ಟೆಯಲ್ಲಿ ಅಭ್ರಕದ ಚೂರು ಮಿನುಗುವ ಮರಳಿನ ಕೊಳವೆ, ಅದರಿಂದ ಹೊರಚಾಚಿದ ಆರು ಕಾಲು. ಹಿಂದಿನ ಎರಡು ವರ್ಷ ಆ ಜಾಗದಲ್ಲಿ ಕ್ಯಾಡಿಸ್ ಇರಲಿಲ್ಲ. ಅವಳ ಮುಖದ ಸಂತೋಷವನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ. ಒಂದು ಕ್ಯಾಡಿಸ್‌ನಿಂದ ಏನನ್ನೂ ಹೇಳಲಾಗದು ಎಂಬುದೂ ನಿಜ. ಅದು ಪಕ್ಕದ ತೊರೆಯಿಂದ ಕೊಚ್ಚಿಕೊಂಡು ಬಂದಿರಬಹುದು. ‘ಒಂದು, ಕೆಳಗಿನ ಜಾಗ, ನಾಲ್ಕನೆಯ ಕಲ್ಲು, ಬೆಳಗ್ಗೆ 8.20’ ಎಂದು ಅವಳ ಕೈಯಲ್ಲೇ ಬರೆಸಿದೆ.

ನೀವೂ ಹಾಗೆಯೇ ಬರೆಯಿರಿ: ದಿನಾಂಕ, ಗಂಟೆ, ಎತ್ತರ, ಹವೆ, ತಾಪ, ಲೋಟದ ಅಳತೆ, ಪ್ರತಿ ಕಲ್ಲಿನ ಬಗೆಗಳು ಮತ್ತು ಎಣಿಕೆ. ಹೆಸರು ತಿಳಿಯದಿದ್ದರೆ ಹೆಸರು ಬೇಡ, ಚಿತ್ರ ಬಿಡಿಸಿ. ದಂಡೆಯ ಕದಲದ ದೊಡ್ಡ ಬಂಡೆಯೊಂದು ಫೋಟೊದಲ್ಲಿ ಬರುವಂತೆ ಪ್ರತಿ ಜಾಗವನ್ನೂ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ, ಮರಳಿ ಬರುವಾಗ ಅದೇ ಗುರುತು. ಜೀವಿಗಳ ಚಿತ್ರಗಳನ್ನು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎಂಬ ಜಾಲತಾಣಕ್ಕೆ ಸೇರಿಸಿ, ಕಾಲಿನ ಉಗುರು ಮತ್ತು ಹೊಟ್ಟೆಯ ಕೆಳಭಾಗ ಕಾಣುವ ಚಿತ್ರವಿದ್ದರೆ ತಿಳಿದವರು ಗುರುತಿಸಲು ಅನುಕೂಲ. ಆಮೇಲೆ ಮುಂದಿನ ವರ್ಷ ಅದೇ ವಾರ, ಅದೇ ಹೊತ್ತಿಗೆ, ಅದೇ ಪತ್ರಿಕೆಯ ಹಾಳೆಯೊಂದಿಗೆ ಹೋಗಿ. ನಿಮಗೆ ಆಗದಿದ್ದರೆ ಹೋಗುವ ಸ್ನೇಹಿತರ ಕೈಗೆ ಆ ನೋಟ್‌ಪುಸ್ತಕವನ್ನು ಕೊಟ್ಟು ಕಳಿಸಿ.